ಗಟ್ಟಿಮೇಳ ನಿಂತ ಹೊತ್ತು

"ಪಂಪು ಎಲ್ಲಿ ಸಾರ್ ಇವತ್ತು?" ಎಂದು ಕಂಡಕ್ಟರ್ ಟಿಕೆಟ್ ಮೆಷಿನ್ ಒತ್ತುತ್ತ ಕೇಳಿದಾಗ, ತನ್ನ ಬಲಗೈ ಬರಿದಾಗಿದೆ ಎನ್ನುವುದು ಕದಿರೇಶನಿಗೆ ಬೆಳಗಿನಿಂದ ಎಷ್ಟನೆಯ ಸಲವೋ ನೆನಪಾಯಿತು. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಈ ಬಸ್ಸಿನಲ್ಲಿ ಒಮ್ಮೆ ಅವನ ಟ್ರಾಂಬೋನಿನ ಉದ್ದನೆಯ ಪೆಟ್ಟಿಗೆಯನ್ನು ನೋಡಿ, ಟೊಮೆಟೊಗೆ ಔಷಧಿ ಹೊಡೆಯುವ ಪಂಪಾ ಸಾರ್ ಎಂದು ಇದೇ ಕಂಡಕ್ಟರ್ ಕೇಳಿದ್ದ. ಹೌದು ಎಂದುಬಿಟ್ಟಿದ್ದ ಕದಿರೇಶ. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಿದ್ದ, ವಾದ್ಯ ಎಂದರೆ ಯಾವ ಸಿನಿಮಾಗೆ ಊದಿದ್ದೀರಿ ಎನ್ನುತ್ತಿದ್ದ. ಅಂದಿನಿಂದ ಅವನು ಪಂಪಿನ ಸಾರ್. ಬೇರೆ ದೇಶಗಳಲ್ಲಿ ತನ್ನ ಸಂಗೀತದ ಬಗ್ಗೆ ಗಂಟೆಗಟ್ಟಲೆ ಮಾತಾಡಿದವನು, ತನ್ನೂರಿನ ಬಸ್ಸಿನಲ್ಲಿ ಒಂದು ವಾಕ್ಯ ಹೇಳಲಾರದೆ ಔಷಧಿ ಪಂಪಿನ ಹಿಂದೆ ಅಡಗಿಕೊಂಡಿದ್ದ. ಇವತ್ತು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಬಂದಿದ್ದಾನೆ. ಅಕ್ಕನ ಮನೆಗೆ ಅದನ್ನು ಹಿಡಿದುಕೊಂಡು ಹೋಗುವ ಮುಖ ಅವನಿಗೆ ಉಳಿದಿಲ್ಲ. "ರಿಪೇರಿಗೆ ಕೊಟ್ಟಿದೀನಪ್ಪ" ಎಂದ. ಕಂಡಕ್ಟರ್ ನಂಬಿ ತಲೆಯಾಡಿಸಿ ಮುಂದಿನ ಸೀಟಿಗೆ ಹೋದ. ಎಷ್ಟು ಸುಲಭವಾಗಿ ನಂಬುತ್ತಾರೆ ಜನ, ಎಂದುಕೊಂಡು ಕದಿರೇಶ ಕಿಟಕಿಯ ಕಡೆ ಮುಖ ತಿರುಗಿಸಿದ.

ನಿನ್ನೆ ಎರಡು ಫೋನ್ ಬಂದಿದ್ದವು. ಮೊದಲನೆಯದು ಅಕ್ಕನ ಮಗಳು ಚಂದನಳದು. ಮದುವೆಯಾಗಿ ಮುಳಬಾಗಿಲಿಗೆ ಹೋದವಳು ಯುಗಾದಿಗೆ ತವರು ರಾಯಲ್ಪಾಡಿಗೆ ಬಂದು ತಿರುಗಿ ಹೋಗಿರಲಿಲ್ಲ. "ಮಾವ, ನಾಳೆ ಅವರ ಕಡೆಯೋರು ಮಾತಾಡೋಕೆ ಬರ್ತಾರೆ. ನೀನೂ ಬಾ. ಅವತ್ತು ನೀನು ಕೇಳಿದ್ದನ್ನ ನೀನೇ ಹೇಳು" ಎಂದಿದ್ದಳು. ಅಷ್ಟೇ. ಹೇಗಿದ್ದೀಯ ಎಂದು ಅವನು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕ ಅನಸೂಯಮ್ಮ ಮಾಡಿದ್ದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಮನೆಯವರಿಗೆ ಕೇಳಿಸದಂತೆ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. "ಲೇ ಕದಿರೇಶ, ನಾಳೆ ಬಂದು ಒಂದ್ ಮಾತು ಹೇಳ್ಬಿಡಪ್ಪ. ಅವಳು ಹೊಗೆ ಬೇಡ ಅಂದಿದ್ದು. ಹೋಮದ ಹೊಗೆ ಕಣ್ಣಿಗೆ ಹೊಡೀತಿತ್ತು, ಅದಕ್ಕೆ ಬೇಡ ಅಂದ್ಲು. ನೀನು ಮಂಟಪದ ಪಕ್ಕದಲ್ಲೇ ನಿಂತಿದ್ದೋನು, ನಿನ್ನ ಮಾತು ನಡೆಯುತ್ತೆ. ನೀನೇ ಕೆಡಿಸಿದ್ದು, ನೀನೇ ಸರಿ ಮಾಡು." ಬೈಗುಳದ ದನಿಯಲ್ಲ, ಮಗುವಿನ ಕೈಗೆ ಚೀಲ ಕೊಟ್ಟು ಅಂಗಡಿಗೆ ಕಳಿಸುವ ದನಿ.

ಶ್ರೀನಿವಾಸಪುರದ ಮುರಳಿಮೋಹನನ ಬ್ಯಾಂಡ್ ಸೆಟ್ಟಿನಲ್ಲಿ ಅವನು ಊದುವುದನ್ನು ಕಲಿತದ್ದು. ಕೊಳವೆಯನ್ನು ಹಿಂದೆ ಮುಂದೆ ಎಳೆದು ಸ್ವರ ಹಿಡಿಯುವ ಆ ವಾದ್ಯವನ್ನು ಸೆಟ್ಟಿನವರು ಎಳೆಯೋ ಪೀಪಿ ಎನ್ನುತ್ತಿದ್ದರು. ತೋಳು ಉದ್ದ ಇದ್ದದ್ದರಿಂದ ಅದು ಅವನ ಪಾಲಿಗೆ ಬಂದಿತ್ತು. ಮುಳಬಾಗಿಲಿನ ಒಂದು ಮದುವೆ. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಬೆರಳೆತ್ತಿ ಗಟ್ಟಿಮೇಳ ಎಂದರೆ, ಡೋಲು, ನಾಗಸ್ವರ, ಬ್ಯಾಂಡು ಎಲ್ಲವೂ ಒಟ್ಟಿಗೆ ಮೊರೆಯಬೇಕು. ಸೀನು, ಅಳು, ಅಪಶಕುನದ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದು. ಕೆನ್ನೆ ಉಬ್ಬಿಸಿ ಊದುತ್ತಿದ್ದ ಕದಿರೇಶ ಮದುಮಗಳ ಕಡೆ ನೋಡಿದ. ಅವಳ ತುಟಿ ಆಡುತ್ತಿತ್ತು. ತಲೆ ಬಗ್ಗಿಸಿಕೊಂಡೇ ಏನೋ ಹೇಳುತ್ತಿದ್ದಳು, ನಿಧಾನವಾಗಿ, ಯಾರಿಗೋ ವಿವರಿಸುವಂತೆ. ಮೇಳ ನಿಂತಾಗ ಅವಳ ಬಾಯಿಯೂ ಮುಚ್ಚಿತ್ತು. ವಾಪಸ್ ಬರುವಾಗ ಲಾರಿಯಲ್ಲಿ ಅವನು ಕೇಳಿದ. "ಅಣ್ಣ, ಆ ಹುಡುಗಿ ಏನ್ ಹೇಳ್ತಿದ್ಲು?" ಮುರಳಿಮೋಹನ್ ಬೀಡಿ ಕಚ್ಚಿಕೊಂಡು ನಕ್ಕ. "ಅದು ಕೇಳಿಸ್ಬಾರ್ದು ಅಂತಾನೇ ಕಣೋ ನಮ್ಮನ್ನ ಕರ್ಸೋದು." ಸೆಟ್ಟಿನವರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಆ ತುಟಿಗಳು ಅವನ ಜೊತೆ ಲಾರಿ ಇಳಿದವು. ಬೆಂಗಳೂರಿಗೆ ಬಂದವು, ದೊಡ್ಡ ಹೋಟೆಲಿನಲ್ಲಿ ತಿನ್ನುವವರ ಬೆನ್ನಿಗೆ ನಿಂತು ಗೋವಾದ ಮುದುಕರ ಜೊತೆ ಅವನು ಜಾಝ್ ಊದಿದ ವರ್ಷಗಳಲ್ಲೂ ಬಂದವು. ಅಲ್ಲಿ ಊದಿದ್ದನ್ನೇ ಊದದೆ ಪ್ರತಿ ಸಲ ಬೇರೆಯಾಗಿ ಊದಬಹುದು ಎನ್ನುವುದು ತಿಳಿದ ದಿನ ಅವನಿಗೆ ಜ್ವರ ಬಂದಂತಾಗಿತ್ತು. ಕೊಳವೆಯ ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿ ತೆಗೆದು, ಅದು ಮಾತಾಡುವಂತೆ ಮಾಡಿದ. ಊದುತ್ತಲೇ ಗಂಟಲಲ್ಲಿ ಹಾಡಿ ಒಂದು ಕೊಳವೆಯಿಂದ ಎರಡು ದನಿ ತೆಗೆದ. ಹೋಟೆಲಿನವರು ಊಟ ಮಾಡುವವರಿಗೆ ಹೊಟ್ಟೆ ತೊಳಸುತ್ತದೆ ಎಂದು ಅವನನ್ನು ಬಿಡಿಸಿದರು. ಅದೇ ಹೋಟೆಲಿನಲ್ಲಿ ತಂಗಿದ್ದ ಜರ್ಮನಿಯ ಡ್ರಮ್ಮಿನವನೊಬ್ಬ ಅವನನ್ನು ತನ್ನ ಊರಿಗೆ ಕರೆಸಿಕೊಂಡ.

ಅಲ್ಲಿ ಅವನು ರಚಿಸಿದ ಕೃತಿಗಳಲ್ಲೆಲ್ಲ ಒಂದು ಜಾಗ ಇರುತ್ತಿತ್ತು. ವಾದ್ಯಗಳೆಲ್ಲ ಕಿವಿ ತೂತಾಗುವಷ್ಟು ಏರಿ, ಇನ್ನು ಏರಲಾರವು ಎನ್ನುವಾಗ ಕದಿರೇಶ ಬಲಗೈ ಮುಷ್ಟಿ ಎತ್ತುತ್ತಿದ್ದ. ಎಲ್ಲವೂ ಒಮ್ಮೆಲೇ ನಿಲ್ಲುತ್ತಿದ್ದವು. ಆಗ ಸಭಾಂಗಣದ ಕೆಮ್ಮು, ಕುರ್ಚಿಯ ಕಿರ್ರೆನ್ನುವ ಸದ್ದು, ಹೊರಗಿನ ಬಸ್ಸು, ಯಾರದೋ ಹೊಟ್ಟೆಯ ಗುಳುಗುಳು ಎಲ್ಲ ಬಯಲಾಗಿ ನಿಲ್ಲುತ್ತಿದ್ದವು. ಅದಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಡಗಿದ ದನಿಗೆ ಬಾಯಿ ಕೊಟ್ಟವನು ಎಂದು ಪತ್ರಿಕೆಗಳು ಬರೆದವು. ಅವನೂ ಅದನ್ನು ನಂಬಿದ. ವಯಸ್ಸಾದಂತೆ ಚಳಿ ತಡೆಯದೆ ಕೋಲಾರಕ್ಕೆ ಬಂದು ಮಾರ್ಕೆಟ್ಟಿನ ಹಿಂದೆ ಮಹಡಿ ಮನೆ ಹಿಡಿದ ಮೇಲೆ, ಒಂದು ಸಂಘದವರು ಕರೆದು ಸನ್ಮಾನ ಮಾಡಿದರು. ಪೇಟ ತೊಡಿಸಿ, ನಮ್ಮ ಜಿಲ್ಲೆಯ ಹೆಮ್ಮೆಯ ಸ್ಯಾಕ್ಸೋಫೋನ್ ವಿದ್ವಾಂಸರು ಎಂದರು. ಎರಡು ನಿಮಿಷ ಊದಿ ಎಂದರು. ಊದಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು, ಅವಳ ಭುಜ ಕುಲುಕಿತು, ಪಕ್ಕದವಳಿಗೂ ಅಂಟಿತು. ಅವರ ಜೊತೆ ಅನಸೂಯಮ್ಮ ಕೂತಿದ್ದಳು. ಅಕ್ಕ ನಗಲಿಲ್ಲ. ನಗದಿರಲು ಅವಳು ಪಟ್ಟ ಪಾಡನ್ನು ವೇದಿಕೆಯಿಂದ ನೋಡಿದ ಅವನಿಗೆ, ಅವಳೂ ನಕ್ಕುಬಿಟ್ಟಿದ್ದರೆ ಒಳ್ಳೆಯದಿತ್ತು ಅನ್ನಿಸಿತ್ತು.

ಶ್ರೀನಿವಾಸಪುರದಲ್ಲಿ ಇಳಿದು ರಾಯಲ್ಪಾಡಿನ ಬಸ್ಸು ಹತ್ತಿದ. ರಸ್ತೆಯ ಎರಡೂ ಬದಿ ಮಾವಿನ ಮಂಡಿಗಳು, ಹುಲ್ಲು ಹಾಸಿದ ಕ್ರೇಟುಗಳು, ಹಣ್ಣು ಕೊಳೆತ ಹುಳಿ ವಾಸನೆ. ಬಸ್ಸು ಕಲ್ಯಾಣ ಮಂಟಪದ ಮುಂದೆ ಟ್ರಾಕ್ಟರಿಗೆ ದಾರಿ ಕೊಡಲು ನಿಂತಿತು. ನೋಡಬಾರದು ಎಂದುಕೊಂಡೇ ನೋಡಿದ. ಇವತ್ತೂ ಯಾರದೋ ಮದುವೆ, ಬಾಗಿಲಲ್ಲಿ ಬಾಳೆಕಂದು. ಚಂದನಳ ಮದುವೆಯೂ ಇಲ್ಲೇ ಆಗಿತ್ತು. ಅವತ್ತು ಅಕ್ಕ ಮೊದಲೇ ಹೇಳಿದ್ದಳು, "ನಿನ್ನ ಅದೆಲ್ಲ ಬೇಡಪ್ಪ. ಊದೋದಾದ್ರೆ ಎಲ್ಲರಂಗೆ ಊದು, ಇಲ್ದಿದ್ರೆ ಪಂಚೆ ಉಟ್ಕೊಂಡು ಸೋದರಮಾವನಂಗೆ ನಿಂತ್ಕೊ." ಸೋದರಮಾವನ ಕೆಲಸ ಮಾಡಿದ್ದ. ಚಂದನಳ ಕೈ ಹಿಡಿದು ಮಂಟಪಕ್ಕೆ ಕರೆತಂದು ಬಿಟ್ಟಿದ್ದ, ಅವಳ ಬೆರಳು ಮಂಜಿನಂತಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಂದಿದ್ದು ಮುರಳಿಮೋಹನನ ಸೆಟ್ಟು. ಹಲ್ಲು ಉದುರಿದ ಮುದುಕ ಅವನ ಗಲ್ಲ ಹಿಡಿದು, "ನನ್ನ ಶಿಷ್ಯ ಕಣ್ರೋ ಇವನು, ವಿಮಾನದಲ್ಲಿ ಹೋಗಿ ಊದೋನು, ಇವತ್ತು ಇವನೇ ಕೈ ತೋರ್ಸಲಿ" ಎಂದು ಮುಂದೆ ನಿಲ್ಲಿಸಿದ. ಎಷ್ಟೋ ವರ್ಷಗಳ ಮೇಲೆ ತನ್ನೂರಿನಲ್ಲಿ ಯಾರೋ ಅವನನ್ನು ಹೆಮ್ಮೆಯಿಂದ ಮುಟ್ಟಿದ್ದರು. ಪುರೋಹಿತರು ಬೆರಳೆತ್ತಿದರು. ಅಕ್ಷತೆ ಹಾರಿತು. ಕದಿರೇಶ ಎಲ್ಲರಂತೆ ಊದಿದ, ಎಲ್ಲರಿಗಿಂತ ಜೋರಾಗಿ ಊದಿದ. ಮದುಮಗ ನಂದೀಶ್ ಬಗ್ಗಿ ತಾಳಿಯ ಮೊದಲ ಗಂಟು ಹಾಕುತ್ತಿದ್ದ. ಆಗ ಚಂದನಳ ತುಟಿ ಆಡಿತು.

ಕೈ ತಾನಾಗಿ ಎದ್ದಿತು ಎಂದು ಆಮೇಲೆ ಎಲ್ಲರಿಗೂ ಹೇಳಿದ. ಅಭ್ಯಾಸ ಅಕ್ಕ, ಅಷ್ಟು ವರ್ಷದ ಅಭ್ಯಾಸ. ಅದು ಸುಳ್ಳೂ ಅಲ್ಲ. ಆದರೆ ಕೈ ಏಳುವ ಮುಂಚೆ ಒಂದು ಗಳಿಗೆ ಇತ್ತು, ಎಲೆಯ ಮೇಲಿನ ನೀರು ಜಾರುವ ಮುಂಚೆ ತಡೆಯುತ್ತದಲ್ಲ, ಅಷ್ಟು ಹೊತ್ತು. ಆ ಹೊತ್ತಿನಲ್ಲಿ ಅವನು ಅಕ್ಕನ ಮಗಳನ್ನು ನೋಡಲಿಲ್ಲ. ಆ ತುಟಿ ಏನು ಹೇಳುತ್ತದೆಂದು ಕೇಳಬೇಕು ಅನ್ನಿಸಿತು, ಅಷ್ಟೆ. ಮುಷ್ಟಿ ಎದ್ದಿತು. ಬ್ಯಾಂಡು ನಿಂತಿತು. ಬ್ಯಾಂಡು ನಿಂತದ್ದು ನೋಡಿ ಡೋಲಿನವನೂ ನಿಂತ. ತುಂಬಿದ ಮಂಟಪದಲ್ಲಿ, ಬಿದ್ದ ಅಕ್ಷತೆ ಉರುಳುವುದೂ ಕೇಳುವಂಥ ಮೌನದಲ್ಲಿ, "ಬೇಡಮ್ಮ" ಎಂದಳು ಚಂದನ. ನಂದೀಶನ ಕೈ ಅಲ್ಲೇ ನಿಂತಿತು. "ಕಟ್ಟಪ್ಪ, ಕಟ್ಟು" ಎಂದು ಯಾರೋ ಕೂಗಿದರು, ಡೋಲಿನವನು ಬಿದ್ದವನು ಎದ್ದಂತೆ ಬಡಿಯತೊಡಗಿದ, ಉಳಿದ ಗಂಟುಗಳು ಬಿದ್ದವು. ಊಟದ ಪಂಕ್ತಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ, ಎಲ್ಲರೂ ಒಬ್ಬಟ್ಟಿನ ಬಗ್ಗೆ ಮಾತಾಡಿದರು.

ಅದಾದ ಮೇಲೆ ಅವನು ಮಾಡಿದ್ದು ಯಾರಿಗೂ ಗೊತ್ತಿಲ್ಲ. ಜರ್ಮನಿಯಿಂದ ಹೊಸ ಕೃತಿ ಬೇಕೆಂದು ಕೇಳಿದ್ದರು. ಮಹಡಿ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು, ಒಂದು ಮಧ್ಯಾಹ್ನ, ಆ ಮೂರು ಅಕ್ಷರವನ್ನು ಕೊಳವೆಯಲ್ಲಿ ಹುಡುಕಿದ. ಅದು ಯಾವ ಸ್ವರದಲ್ಲೂ ಇರಲಿಲ್ಲ, ಎರಡು ಸ್ವರಗಳ ನಡುವೆ ಎಲ್ಲೋ ಕೂತು ಕೊನೆಗೆ ತುಸು ಕೆಳಕ್ಕೆ ಜಾರುತ್ತಿತ್ತು. ಟ್ರಾಂಬೋನಿಗೆ ಮಾತ್ರ ಸಿಗುವ ಜಾಗ. ಸಿಕ್ಕಿದಾಗ ಅವನ ಮೈ ಜುಮ್ಮೆಂದಿತು. ಎಷ್ಟು ಚೆನ್ನಾಗಿದೆ ಎಂದುಕೊಂಡ. ಹಾಗೆ ಅಂದುಕೊಂಡದ್ದು ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ವಾದ್ಯ ಕೆಳಗಿಟ್ಟು ಮುಖ ತೊಳೆದುಕೊಂಡ. ಮಾರನೆಯ ದಿನ ಮತ್ತೆ ಊದಿದ.

ರಾಯಲ್ಪಾಡಿನಲ್ಲಿ ಅಕ್ಕನ ಮನೆಯ ಜಗುಲಿಯ ಮೇಲೆ ಚಾಪೆ ಹಾಸಿತ್ತು. ಸಂಬಂಧ ಕೂಡಿಸಿದ್ದ ಗಂಗುಲಪ್ಪ ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎರಡೂ ಕಡೆಗೆ ಬೇಕಾದ ಹಿರಿಯರು, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಎದುರಿಗೆ ನಂದೀಶ್, ಮುಳಬಾಗಿಲಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ, ಬೆರಳುಗಳ ಗೆಣ್ಣು ಒತ್ತಿಕೊಳ್ಳುತ್ತಲೇ ಇರುವ ಹುಡುಗ. ಅವನ ಪಕ್ಕ ತಾಯಿ ಶಾಮಲಮ್ಮ. ಭಾವ ಅಶ್ವತ್ಥಪ್ಪ ಕಂಬದ ಹತ್ತಿರ ಕೂತು, ಅದು ತನ್ನ ಮನೆಯೇ ಅಲ್ಲವೇನೋ ಎನ್ನುವಂತೆ ಬೀದಿ ನೋಡುತ್ತಿದ್ದ. ಬಾಗಿಲಲ್ಲಿ ಅನಸೂಯಮ್ಮ, ಅವಳ ಹಿಂದೆ ಚಂದನ. ಕದಿರೇಶ ಬಂದಾಗ ಅವಳು ಅವನ ಮುಖವನ್ನು ನೇರ ನೋಡಿದಳು. ಅವನು ಚಪ್ಪಲಿ ಬಿಡುವುದರಲ್ಲಿ ಮುಳುಗಿದ.

"ನಾವೇನು ಹುಡುಗಿನ ಹೊಡೆದ್ವಾ, ಬೈದ್ವಾ?" ಶಾಮಲಮ್ಮ ಹೇಳುತ್ತಿದ್ದರು. "ನಮ್ಮನೇಲಿ ಸಾರಿಗೆ ಉಪ್ಪು ಬೇಡ ಅಂದ್ರೂ ಪಕ್ಕದ ಮನೆಯೋರು ಕಿಸಕ್ ಅಂತಾರೆ. ಬೇಡ ಅನ್ನೋ ಮಾತೇ ನಮ್ಮನೇಲಿ ಇಲ್ದಂಗಾಗೋಯ್ತು. ಅವಳು ಮದುವೆ ಬೇಡ ಅಂದ್ಲಾ, ಇನ್ನೇನಾದ್ರೂ ಅಂದ್ಲಾ, ನಮಗೆ ಗೊತ್ತಾಗ್ಬೇಕು. ಬೇರೆ ಏನಾದ್ರೂ ಅಂದಿದ್ರೆ ಇವತ್ತೇ ಕರ್ಕೊಂಡ್ ಹೋಗ್ತೀವಿ. ಬೀದಿಯೋರ ಬಾಯಿಗೆ ನಾನು ಉತ್ತರ ಹೇಳ್ತೀನಿ."

"ಹೊಗೆ ಅಂತ ಹೇಳ್ತಾನೇ ಇದೀನಲ್ಲಮ್ಮ" ಎಂದಳು ಅನಸೂಯಮ್ಮ.

"ನೀವು ಹೆತ್ತೋರು. ನೀವು ಹಂಗೇ ಹೇಳ್ಬೇಕು."

ಗಂಗುಲಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಏಮಯ್ಯಾ ಕದಿರೇಶು. ನೀನು ದೇಶ ಸುತ್ತಿದೋನು. ಸೂಜಿ ಬಿದ್ರೆ ಅದು ಯಾವ ಸ್ವರ ಅಂತ ಹೇಳೋ ಕಿವಿ ನಿಂದು ಅಂತಾರೆ. ಮಂಟಪಕ್ಕೆ ಅಂಟ್ಕೊಂಡು ನಿಂತಿದ್ದೆ. ಹುಡುಗಿ ಏನಂದ್ಲು? ನುವ್ವು ಚೆಪ್ಪು, ನೀನೇ ಹೇಳು."

ಎಲ್ಲರೂ ಅವನ ಕಡೆ ತಿರುಗಿದರು. ಹೊಗೆ ಬೇಡ ಎಂದಳು, ಅನ್ನಬೇಕಿತ್ತು. ಅಂದರೆ ಈ ಮಧ್ಯಾಹ್ನವೇ ಚಂದನಳ ಚೀಲ ಕಾರಿನ ಹಿಂದೆ ಬೀಳುತ್ತದೆ. ಬೇಡಮ್ಮ ಎಂದಳು, ಅಂದರೆ ಅಕ್ಕ ಈ ಬೀದಿಯಲ್ಲಿ ತಲೆಯೆತ್ತುವುದಿಲ್ಲ. ಅವನ ಗಂಟಲಲ್ಲಿ ಆ ದನಿ ಸಿದ್ಧವಾಗಿ ಕೂತಿತ್ತು. ಬೇಕೆಂದರೆ ಅವನು ಅದನ್ನು ಕೂದಲಷ್ಟೂ ವ್ಯತ್ಯಾಸವಿಲ್ಲದೆ ಅಂದು ತೋರಿಸಬಲ್ಲವನಾಗಿದ್ದ, ಕೊನೆಗೆ ಎಷ್ಟು ಜಾರಬೇಕು ಎನ್ನುವುದೂ ಗೊತ್ತಿತ್ತು.

"ನನಗೆ ಕೇಳಿಸ್ಲಿಲ್ಲ" ಎಂದ.

"ಅಂದ್ರೆ?"

"ಕಿವಿ ಹೋಗಿದೆ ಗಂಗುಲಪ್ಪಣ್ಣ. ಆಯ್ತು ಕೆಲವು ವರ್ಷ. ಹಿತ್ತಾಳೆ ಊದಿ ಊದಿ ಮಂದ ಆಗೋಯ್ತು. ಅವತ್ತು ಮೇಳ ನಿಲ್ಸಿದ್ದೂ ಅದಕ್ಕೇ. ಡೋಲು ಎಲ್ಲಿದೆ ತಿಳೀಲಿಲ್ಲ, ಮುಗೀತು ಅಂತ ಕೈ ಎತ್ತಿಬಿಟ್ಟೆ. ಅಭ್ಯಾಸ ಅಂತ ಅವತ್ತು ಅಂದಿದ್ದು ನಾಚಿಕೆಗೆ. ತಪ್ಪು ನಂದು. ಅವಳು ಏನಂದ್ಲೋ ನನಗೆ ಗೊತ್ತಿಲ್ಲ."

ಹೇಳುತ್ತ ಹೇಳುತ್ತ ಮಾತು ಸಲೀಸಾಯಿತು. ತನ್ನ ಇಡೀ ಬದುಕನ್ನು ಚಾಪೆಯ ಮೇಲೆ ಬಿಚ್ಚಿಟ್ಟು ಹರಿದುಹಾಕುತ್ತಿದ್ದೇನೆ ಅನ್ನಿಸಿ ಕಣ್ಣು ತೇವವಾಯಿತು. ಒಂದು ಗಳಿಗೆ ತಾನು ದೊಡ್ಡದೇನನ್ನೋ ಬಿಟ್ಟುಕೊಟ್ಟೆ ಎಂದೂ ಅಂದುಕೊಂಡ. "ಅಯ್ಯೋ, ಮೊದ್ಲೇ ಯಾಕೆ ಹೇಳ್ಲಿಲ್ಲ ಕಣೋ" ಎಂದು ಅನಸೂಯಮ್ಮ ಸೆರಗಿಗೆ ಕೈಯಿಟ್ಟಳು. ಅವಳು ನಂಬಿದ್ದಳು. ನಂಬಿ, ಮಗಳ ಮಾತನ್ನು ಆ ಗಳಿಗೆಗೆ ಮರೆತು ತಮ್ಮನಿಗೆ ಮರುಗುತ್ತಿದ್ದಳು.

"ನಾನು ಬೇಡ ಅಂದೆ."

ಚಂದನ ತಾಯಿಯನ್ನು ಸರಿಸಿಕೊಂಡು ಜಗುಲಿಗೆ ಬಂದಿದ್ದಳು. ದನಿ ಏರಿರಲಿಲ್ಲ. "ಹೊಗೆ ಅಲ್ಲ. ಮದುವೆ ಬೇಡ ಅಂದೆ. ಮೊದ್ಲು ಹೇಳೋಕೆ ಆಗಿರ್ಲಿಲ್ಲ, ಅಪ್ಪನ ಮುಖ ನೋಡಿ. ಅಷ್ಟು ಸದ್ದು ಇತ್ತಲ್ಲ, ಅದರೊಳಗೆ ಒಂದೇ ಒಂದ್ ಸಲ ಅಂದ್ಬಿಟ್ಟು ಆಮೇಲೆ ಎಲ್ಲರಂಗೆ ಇದ್ದುಬಿಡೋಣ ಅಂತಿದ್ದೆ. ಯಾರಿಗೂ ಕೇಳಿಸಲ್ಲ ಅಂತಾನೇ ಅಂದಿದ್ದು. ಕೇಳಿಸಿಬಿಡ್ತು. ಕೇಳಿಸಿದ ಮೇಲೆ ಅದು ನನ್ನನ್ನ ಬಿಡ್ತಿಲ್ಲ. ಆ ಮನೇಲಿ ದಿನಾ ಅಂದಂಗೇ ಇರುತ್ತೆ." ಅವಳು ಕದಿರೇಶನ ಕಡೆ ನೋಡಲಿಲ್ಲ. "ಒಬ್ಬರಾದ್ರೂ ಕೇಳಿದೀನಿ ಅಂತ ಹೇಳ್ತಾರೆ ಅಂದ್ಕೊಂಡಿದ್ದೆ."

ಕಲಿಯುವ ದಿನಗಳಲ್ಲಿ ಕಂಡ ಮುಳಬಾಗಿಲಿನ ಆ ಮದುಮಗಳ ತುಟಿಗೆ ಆ ಸದ್ದು ಬೀಗವಾಗಿರಲಿಲ್ಲ, ಅಡ್ಡ ಹಿಡಿದ ಮರೆಯಾಗಿತ್ತು, ಸ್ನಾನದ ಮನೆಯ ತಡಿಕೆಯ ಹಾಗೆ, ಎಂದು ಅವನಿಗೆ ಆಗ ಹೊಳೆಯಿತು. ಚಂದನ ಮರೆಯಲ್ಲಿದ್ದಾಗ ಅವನು ತಡಿಕೆ ಕಿತ್ತಿದ್ದ. ಇವತ್ತು ಅವಳಾಗಿ ಹೊರಗೆ ಬಂದು ನಿಂತಾಗ ಕಣ್ಣು ಮುಚ್ಚಿಕೊಂಡಿದ್ದ.

ಶಾಮಲಮ್ಮ ಬಾಯಿ ತೆರೆದರು. ಅದಕ್ಕೆ ಮುಂಚೆ ನಂದೀಶ್, "ನನಗೆ ಅವತ್ತೇ ಕೇಳಿಸ್ತು" ಎಂದ. "ಅವರ ಕತ್ತಿನ ಹತ್ರಾನೇ ಇದ್ನಲ್ಲ. ನಿಲ್ಲಿಸ್ಬೇಕಿತ್ತು. ಎಲ್ಲಾ ಕಟ್ಟು ಕಟ್ಟು ಅಂದ್ರು, ಕಟ್ಟಿಬಿಟ್ಟೆ." ಮುಂದಿಟ್ಟಿದ್ದ ಲೋಟದ ನೀರನ್ನು ಪೂರ್ತಿ ಕುಡಿದು, ಎದ್ದು, ಅಭ್ಯಾಸಬಲದಿಂದ ಅಶ್ವತ್ಥಪ್ಪನಿಗೆ "ಬರ್ತೀನಿ" ಎಂದ. ಅಂದ ಮೇಲೆ ನಾಚಿಕೊಂಡ. ತಾಯಿ ಚಪ್ಪಲಿಗೆ ಕಾಲು ತೂರಿಸುತ್ತ, ಬಾಗಿಲಿಗೆ ಬೆನ್ನು ಹಾಕಿಕೊಂಡೇ ಹೇಳಿದರು, "ಬಾಯಿದ್ದೋಳು ಮೊದ್ಲೇ ಬಿಚ್ಚಿದ್ರೆ ನಮ್ಮ ಹುಡುಗನ ಮಾನ ಉಳೀತಿತ್ತು." ಕಾರಿನ ಬಾಗಿಲು ಹಾಕಿಕೊಂಡಿತು.

"ಆಯ್ತು" ಎಂದರು ಗಂಗುಲಪ್ಪ. "ಕೂಡಿಸಿದೋನು ನಾನು, ಬಿಡಿಸೋದಕ್ಕೂ ನಾನೇ ಓಡಾಡ್ತೀನಿ. ಹುಡುಗಿ ಇಲ್ಲೇ ಇರಲಿ." ಅಶ್ವತ್ಥಪ್ಪ ಬೀದಿಯಿಂದ ಕಣ್ಣು ತೆಗೆದು ಮಗಳನ್ನು ನೋಡಿ, ಒಳಗೆ ನಡೆ, ಬಿಸಿಲು, ಎಂದಷ್ಟೇ ಹೇಳಿದ. ಅವಳು ಒಳಗೆ ಹೋದಳು. ಆಮೇಲೆ ಗಂಗುಲಪ್ಪ ಕದಿರೇಶನ ಹತ್ತಿರ ಸರಿದು, ಭುಜ ಹಿಡಿದು, ಕಿವಿಗೆ ಬಾಯಿಟ್ಟು ಕೂಗಿದರು. "ಊಟ ಮಾಡ್ಕೊಂಡು ಹೋಗಪ್ಪಾ! ಬೇಜಾರು ಮಾಡ್ಕೋಬೇಡಾ!" ಕಿವಿಯೊಳಗೆ ಗಂಟೆ ಹೊಡೆದಂತಾಯಿತು. ಅವನು ಚೂರು ತಡೆದು, ಈಗ ಕೇಳಿಸಿತು ಎನ್ನುವವನ ಹಾಗೆ ತಲೆಯಾಡಿಸಿದ. ಅಷ್ಟು ಬೇಗ ಅದು ಅವನಿಗೆ ಬಂದುಬಿಟ್ಟಿತ್ತು. ಅನಸೂಯಮ್ಮ ಒಳಗಿನಿಂದ ಅಳುವಿನ ನಡುವೆಯೇ ಕೂಗಿದಳು, "ಮಜ್ಜಿಗೆ ಕುಡೀತೀಯೇನೋ! ಸೋಮವಾರ ಕೋಲಾರದಲ್ಲಿ ಕಿವಿ ಡಾಕ್ಟ್ರಿಗೆ ತೋರ್ಸೋಣ, ನಾನು ಬರ್ತೀನಿ!" ಎದುರು ಮನೆಯ ಹೆಂಗಸು ಕಸಬರಿಕೆ ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು. ಸಂಜೆಯೊಳಗೆ ರಾಯಲ್ಪಾಡಿಗೆಲ್ಲ ಗೊತ್ತಾಗುತ್ತದೆ. ಇನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲರೂ ಅವನ ಜೊತೆ ಹೀಗೆ ಕೂಗಿ ಮಾತಾಡುತ್ತಾರೆ, ಅವನು ಸಾಯುವವರೆಗೆ.

ಗಂಗುಲಪ್ಪ ಅವನ ಎದುರಿಗೇ ಕೂತು, ಕನಿಕರದಿಂದ ಅವನ ಮುಖವನ್ನೇ ನೋಡುತ್ತಿದ್ದರು. ಹಿಂದಿನಿಂದ, ಬಾಗಿಲ ಕಡೆಯಿಂದ, ಚಂದನ ಮೆಲ್ಲಗೆ, "ಮಾವ" ಎಂದಳು.

ಅವನಿಗೆ ಕೇಳಿಸಿತು. ಉಸಿರಿಗಿಂತ ತುಸು ಹೆಚ್ಚಾದ ದನಿ, ಕೇಳಿಸುತ್ತದೆಂದು ಗೊತ್ತಿದ್ದೇ ಕರೆದದ್ದು. ಅವನ ಬೆನ್ನೆಲ್ಲ ಕಿವಿಯಾಯಿತು, ಮೈ ಮಾತ್ರ ತಿರುಗಲಿಲ್ಲ. ಗಂಗುಲಪ್ಪನವರ ಬಾಯಲ್ಲಿ ಎಲೆ ಅಡಿಕೆ ನಿಧಾನವಾಗಿ ಆಡುತ್ತಿತ್ತು. ಕದಿರೇಶ ಚಾಪೆಯ ಅಂಚಿನ ಒಂದು ಎಳೆಯನ್ನು ನೋಡುತ್ತ ಕೂತೇ ಇದ್ದ.

ಅವಳು ಕಾದಳು. ಕಾಯುತ್ತಿರುವುದೂ ಅವನಿಗೆ ಕೇಳಿಸಿತು, ಬಳೆ ಬಾಗಿಲ ಚೌಕಟ್ಟಿಗೆ ತಾಗಿ ಸುಮ್ಮನಾದದ್ದು, ಉಸಿರು ಒಳಗೆ ಹೋದದ್ದು. ಆಮೇಲೆ ಹೊಸಿಲು ದಾಟಿ, ಅವನ ಮುಂದೆ ಬಂದು, ಬಗ್ಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಮಾವಾ! ಎಲೆ ಹಾಕಿದೀನಿ! ಏಳು!"

ಅವನು ತಲೆಯೆತ್ತಿದ. ಅವಳ ಕೈ ಆಗಲೇ ಮುಂದಕ್ಕೆ ಬಂದಿತ್ತು, ವಯಸ್ಸಾದವರನ್ನು ಎಬ್ಬಿಸಲು ಕೊಡುವ ಹಾಗೆ. ಹಿಡಿದುಕೊಂಡು ಎದ್ದ.